ಬಿಸಿ ಯಾಕಾಗ್ತೈತಿ? – ಕರೆಂಟು, ಕಂಪ್ಯೂಟರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಒಂದ್ಕಡೆ ಹರವಿಕೊಂಡು ಕುಂತಾಗ ಒಂದು ಮಾತು ಎದ್ದು ಕಾಣಸ್ತು. ಚಾರ್ಜರ್ ಬಗ್ಗೆ ಕೇಳಿದವರು, ಸೋಲಾರ್ ಬಗ್ಗೆ ಕೇಳಿದವರು, ಎಐ ಬಗ್ಗೆ ಕೇಳಿದವರು ಎಲ್ಲಾ ಬ್ಯಾರೆ ಬ್ಯಾರೆ ಊರಿನವರು, ಆದ್ರ ಒಂದೆರಡು ಬಿಟ್ರ ಉಳಿದ ಪ್ರಶ್ನೆ ಎಲ್ಲಾ ಸುತ್ತಿ ಬಳಸಿ ಬಂದು ನಿಲ್ಲೋದು ಬಿಸಿ ಹತ್ರನ. ಕರೆಂಟು ನಾವು ಹೇಳಿದ ಕೆಲಸ ಮಾಡೋದು ಬಿಟ್ಟು ಎಲ್ಲೆಲ್ಲಿ ಬಿಸಿ ಆಗಿ ಹೋಗ್ತೈತಿ, ಅದನ್ನ ಹೆಂಗ ತಡಿಬೇಕು ಅನ್ನೋದರ ಮ್ಯಾಲ ಈಗ ಲ್ಯಾಬುಗಳಾಗ ಭಾಳ ದೊಡ್ಡ ಕೆಲಸ ನಡದೈತ್ರಿ. ಅದಕ್ಕ ಈ ತಿಂಗಳು ಉತ್ತರ ಸ್ವಲ್ಪ ಉದ್ದ ಬರದೀನಿ.

ಪ್ರಶ್ನೆ: ಖಡೇಬಜಾರದಾಗ ನಂದೊಂದು ಮೊಬೈಲ್ ಅಂಗಡಿ ಐತಿ. ಈಗ ಗ್ಯಾನ್ ಚಾರ್ಜರ್ ಅಂತ ಬರಾಕತ್ತಾವು, ಮುಷ್ಟಿಯೊಳಗ ಮುಚ್ಚೋವಷ್ಟು ಸಣ್ಣದು, ಆದ್ರ 65 ವ್ಯಾಟ್, ಲ್ಯಾಪ್‌ಟಾಪೂ ಚಾರ್ಜ್ ಆಗ್ತೈತಿ. ಗಿರಾಕಿ ಕೇಳಿದ್ರ ಏನ್ ಹೇಳ್ಲಿ? ಬರೇ ಹೆಸರೋ, ಖರೇನ ಏನರ ಐತೋ? – ಓದುಗರು, ಬೆಳಗಾವಿ

ಉತ್ತರ: ಖರೇನ ಐತ್ರಿ. ಗ್ಯಾನ್ ಅಂದ್ರ ಗ್ಯಾಲಿಯಮ್ ನೈಟ್ರೈಡ್, ಸಿಲಿಕಾನ್ ಬದಲಿ ಬಳಸೋ ಇನ್ನೊಂದು ಸೆಮಿಕಂಡಕ್ಟರ್. ಚಾರ್ಜರ್ ಒಳಗ ನಡಿಯೋದು ಇಷ್ಟ: ಗೋಡಿಯಿಂದ ಬರೋ 230 ವೋಲ್ಟಿನ ಎಸಿ ಮದಲ ಡಿಸಿ ಆಗ್ತೈತಿ, ಸುಮಾರು 325 ವೋಲ್ಟು, ಆಮ್ಯಾಲ ಒಂದು ಟ್ರಾನ್ಸಿಸ್ಟರ್ ಸ್ವಿಚ್ಚು ಅದನ್ನ ಸೆಕೆಂಡಿಗೆ ಸಾವಿರಾರು, ಲಕ್ಷಗಟ್ಟಲೆ ಸಲ ಕಡದು ಕಡದು ಒಂದು ಸಣ್ಣ ಟ್ರಾನ್ಸ್‌ಫಾರ್ಮರಿಗೆ ಕೊಡ್ತೈತಿ, ಅಲ್ಲಿಂದ ಮೊಬೈಲಿಗೆ ಬೇಕಾದ 5, 9, 20 ವೋಲ್ಟು ಬರ್ತೈತಿ. ಎಷ್ಟು ಜೋರ ಕಡಿತೀರೋ ಟ್ರಾನ್ಸ್‌ಫಾರ್ಮರ್ ಅಷ್ಟು ಸಣ್ಣದಾದ್ರೂ ನಡಿತೈತಿ. ಬಾವಿ ನೀರು ಸೇದೋದು ನೆನಪ ಮಾಡ್ಕೋರಿ, ತಾಸಿಗೆ 10 ಸಲ ಸೇದೋದಾದ್ರ ದೊಡ್ಡ ಕೊಡ ಬೇಕು, ನಿಮಿಷಕ್ಕ 10 ಸಲ ಸೇದೋ ರಟ್ಟಿ ಇದ್ರ ತಂಬಿಗಿ ಸಾಕು.

ಹಂಗಾದ್ರ ಹಳೇ ಚಾರ್ಜರಿನ್ಯಾಗೂ ಜೋರ ಕಡಿಬಹುದಿತ್ತಲ್ಲ ಅಂತೀರಿ. ಅಲ್ಲೇ ಬಿಸಿ ಅಡ್ಡ ಬರ್ತೈತಿ. ಸ್ವಿಚ್ಚು ಆನ್‌ನಿಂದ ಆಫ್‌ಗೆ ಹೋಗೋ ಆ ಒಂದ ಚೂರು ಹೊತ್ತಿನ್ಯಾಗ ವೋಲ್ಟೇಜೂ ಇರ್ತೈತಿ, ಕರೆಂಟೂ ಹರಿತಿರ್ತೈತಿ, ಎರಡರ ಗುಣಾಕಾರ ಬಿಸಿ. ಜಾಸ್ತಿ ಸಲ ಕಡದಷ್ಟೂ ಆ ಚೂರು ಚೂರು ಕೂಡಿ ಸಿಲಿಕಾನ್ ಸುಟ್ಟು ಹೋಗ್ತೈತಿ. ಗ್ಯಾಲಿಯಮ್ ನೈಟ್ರೈಡಿನ ಬ್ಯಾಂಡ್ ಗ್ಯಾಪ್, ಅಂದ್ರ ಒಳಗಿನ ಎಲೆಕ್ಟ್ರಾನನ್ನ ಬಿಡಿಸಿ ಹರಿಯೋ ಹಂಗ ಮಾಡಾಕ ಬೇಕಾದ ಶಕ್ತಿ, 3.4 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನಿಂದು 1.1, ಅದಕ್ಕ ಅದು ಸಿಲಿಕಾನಿಗಿಂತ 10 ಪಟ್ಟಿನಷ್ಟು ವಿದ್ಯುತ್ ಒತ್ತಡ ತಡಕೋತೈತಿ, ಅಂದ್ರ ಅಷ್ಟ ವೋಲ್ಟಿಗೆ ಭಾಳ ಗಿಡ್ಡ ದಾರಿ ಸಾಕು, ಎಲೆಕ್ಟ್ರಾನು ಪಟಕ್ಕನ ದಾಟ್ತೈತಿ, ನಡುವಿನ ಹೊತ್ತು ಕಮ್ಮಿ, ಬಿಸಿ ಕಮ್ಮಿ. ನಮ್ಮ ಬೆಂಚಿನ ಮ್ಯಾಲ ಹುಡುಗರ ಮುಂದ ಎರಡು ಚಾರ್ಜರ್ ಬಿಚ್ಚಿ ಇಟ್ಟಿದ್ದೆ, ಒಂದು ಹಳೇ ಲ್ಯಾಪ್‌ಟಾಪಿಂದು, ಒಂದು ಹೊಸಾ 65 ವ್ಯಾಟಿಂದು. ಹಳೇದರಾಗಿನ ಟ್ರಾನ್ಸ್‌ಫಾರ್ಮರ್ ದೊಡ್ಡ ಲಿಂಬಿಕಾಯಿ ಹಂಗಿತ್ತು, ಅದರ ಮಗ್ಗಲಕ ಬೆರಳುದ್ದದ ಅಲ್ಯುಮಿನಿಯಮ್ ತಗಡು, ಬಿಸಿ ಹೊರಗ ಹಾಕಾಕ. ಹೊಸದರಾಗ ಟ್ರಾನ್ಸ್‌ಫಾರ್ಮರ್ ಬಾರಿಹಣ್ಣಿನಷ್ಟು, ಆ ಅಲ್ಯುಮಿನಿಯಮ್ ತಗಡ ಇರ್ಲಿಲ್ಲ. ಒಂದು ಹುಡುಗಿ ಎರಡೂ ಕೈಯಾಗ ಹಿಡಕೊಂಡು ಸುಮಾರು ಹೊತ್ತು ತಿರುಗಿಸಿ ಮುರುಗಿಸಿ ನೋಡಿದ್ಲು, ಅವತ್ತಿನ ಪಾಠ ಅಲ್ಲಿಗೇ ಆತು.

ಇನ್ನೊಂದು ಮಾತು, ನಿಮ್ಮ ಅಂಗಡಿ ಬೋರ್ಡಿನ ಬೆಳ್ಳನ ಎಲ್ಇಡಿ ಐತಲ್ಲ, ಅದರ ಒಳಗಿರೋದು ನೀಲಿ ಎಲ್ಇಡಿ, ಅದೂ ಗ್ಯಾಲಿಯಮ್ ನೈಟ್ರೈಡ್ ಸಂಸಾರದ್ದ. ಅದಕ್ಕ ಅಕಸಾಕಿ, ಅಮಾನೋ, ನಕಮುರಾ ಮೂವರಿಗೆ 2014ರ ನೊಬೆಲ್ ಬಂತು. ಅವರು ಗಟ್ಟಿ ಹರಳು ಬೆಳಸೋದು ಕಲತದ್ದಕ್ಕ ಇವತ್ತು ಈ ಚಾರ್ಜರ್ ಆಗೇತಿ. ಗಿರಾಕಿಗೆ ಮಾತ್ರ ಒಂದು ಹೇಳ್ರಿ, ಮ್ಯಾಲ ಗ್ಯಾನ್ ಅಂತ ಅಚ್ಚು ಹಾಕಿದ್ದೆಲ್ಲಾ ಗ್ಯಾನ್ ಅಲ್ಲ. ಬಿಐಎಸ್ ಮಾರ್ಕು, ಅದರ ಜೋಡಿ ಆರ್ ಅಕ್ಷರದಿಂದ ಸುರು ಆಗೋ ನಂಬರು ಇಲ್ಲದ ಮಾಲು ಅಂಗಡಿಯೊಳಗ ಇಡಬ್ಯಾಡ್ರಿ, ಅದರಿಂದ ಮನಿಗೆ ಬೆಂಕಿ ಹತ್ತೋದೈತಿ.

ಪ್ರಶ್ನೆ: ಎರಡ ಎಕರೆ ಲಿಂಬಿ ತ್ವಾಟ ಐತ್ರಿ, 5 ಎಚ್‌ಪಿ ಸೋಲಾರ್ ಪಂಪ್ ಹಾಕಸ್ಬೇಕಂತ ಮಾಡೀನಿ. ನಮ್ಮ ಹುಡುಗ ಹೇಳ್ತಾನ, ಈಗಿನ ಪ್ಯಾನೆಲ್ ಹಳೇವು, 34 ಪರ್ಸೆಂಟ್ ಕೊಡೋ ಹೊಸಾ ಪ್ಯಾನೆಲ್ ಬಂದಾವು, ಎರಡ ವರ್ಷ ತಡಿ ಅಂತ. ತಡಿಲೋ ಬ್ಯಾಡೋ? – ರೈತರು, ಇಂಡಿ ತಾಲೂಕು

ಉತ್ತರ: ತಡಿಬ್ಯಾಡ್ರಿ, ಈಗ ಹಾಕಸ್ರಿ. ಹುಡುಗ ಓದಿದ್ದು ಸುಳ್ಳಲ್ಲ, ಆದ್ರ ಅದು ಅಂಗಡಿಗೆ ಬಂದಿಲ್ಲ.

ಬಿಸಿಲಿನ್ಯಾಗ ಎಲ್ಲಾ ಬಣ್ಣದ ಬೆಳಕು ಇರ್ತಾವು. ಸಿಲಿಕಾನಿಗೆ ಬೇಕಾಗೋದು ಒಂದು ಮಟ್ಟದ ಶಕ್ತಿ ಮಾತ್ರ. ಅದಕ್ಕಿಂತ ಕಮ್ಮಿ ಶಕ್ತಿ ಬೆಳಕು ಹಂಗ ತೂರಿ ಹೋಗ್ತೈತಿ, ನೀಲಿ ಬೆಳಕಿನ್ಯಾಗ ಶಕ್ತಿ ಜಾಸ್ತಿ ಇರ್ತೈತಿ ಆದ್ರ ಆ ಹೆಚ್ಚಿಗಿ ಶಕ್ತಿ ಎಲ್ಲಾ ಪ್ಯಾನೆಲ್ ಒಳಗ ಬಿಸಿ ಆಗಿ ಹೋಗ್ತೈತಿ. ಈ ಲೆಕ್ಕ ಹಾಕಿದ್ರ ಸಿಲಿಕಾನ್ ಒಂದರಿಂದನ 29.4 ಪರ್ಸೆಂಟಿಗಿಂತ ಮ್ಯಾಲ ಹೋಗಾಕ ಬರೂದಿಲ್ಲ, ಪೇಟೆಯೊಳಗ ಸಿಗೋವು 20ರಿಂದ 23ರ ಒಳಗ. ಅದಕ್ಕ ವಿಜ್ಞಾನಿಗಳು ಸಿಲಿಕಾನ್ ಮ್ಯಾಲ ಪೆರೋವ್‌ಸ್ಕೈಟ್ ಅನ್ನೋ ವಸ್ತುವಿನ ತೆಳ್ಳನ ಪದರ ಹೊದಸ್ತಾರ, ನೀಲಿ ಹಸಿರು ಬೆಳಕು ಮ್ಯಾಲಿನ ಪದರ ಹಿಡಿತೈತಿ, ಕೆಂಪು ಮತ್ತ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕೆಳಗಿನ ಸಿಲಿಕಾನ್ ಹಿಡಿತೈತಿ. 2009ರಾಗ ಜಪಾನಿನ ಮಿಯಾಸಾಕಾ ಅವರ ತಂಡ ಪೆರೋವ್‌ಸ್ಕೈಟಿನಿಂದ ಮದಲ ಸೋಲಾರ್ ಸೆಲ್ ಮಾಡಿದಾಗ ಬಂದದ್ದು ಬರೇ 3.8 ಪರ್ಸೆಂಟು. 2024ರಾಗ ಚೀನಾದ ಲಾಂಗಿ ಕಂಪನಿ ಈ ಜೋಡಿ ಪದರದ ಸೆಲ್ಲಿನ್ಯಾಗ 34.6 ಪರ್ಸೆಂಟ್ ತೋರಿಸ್ತು. ಹದಿನೈದ ವರ್ಷದಾಗ ಇಷ್ಟು ಮ್ಯಾಲ ಬಂದ ವಸ್ತು ಸೋಲಾರಿನ ಇತಿಹಾಸದಾಗ ಇನ್ನೊಂದಿಲ್ಲ.

ಆದ್ರ ಆ ದಾಖಲೆ ಉಗುರಿನಷ್ಟು ಸಣ್ಣ ಸೆಲ್ಲಿಂದು. ಪೂರ್ತಿ ಪ್ಯಾನೆಲ್ ಅಂತ ಬಂದಾಗ, 2024ರಾಗ ಆಕ್ಸ್‌ಫರ್ಡ್ ಪಿವಿ ಕಂಪನಿ ಅಮೆರಿಕಾಕ್ಕ ಮಾರಿದ ಮದಲನೇ ಜೋಡಿ ಪ್ಯಾನೆಲ್ 24.5 ಪರ್ಸೆಂಟಿಂದು. ಮತ್ತ ಪೆರೋವ್‌ಸ್ಕೈಟಿಗೆ ನೀರಿನ ಪಸೆ ಆಗಂಗಿಲ್ಲ, ಬಿಸಿ ಆಗಂಗಿಲ್ಲ, ಬಿಸಿಲಿನ ಅಲ್ಟ್ರಾವೈಲೆಟ್ ಬೆಳಕೂ ಆಗಂಗಿಲ್ಲ, ಒಳಗ ಸೀಸ ಬ್ಯಾರೆ ಇರ್ತೈತಿ. ನಿಮ್ಮ ಕಡೆ ಮೇ ತಿಂಗಳದಾಗ 42 ಡಿಗ್ರಿ ಬಿಸಿಲು ಬಿದ್ರ ಪ್ಯಾನೆಲ್ ಮೈ 60 ಡಿಗ್ರಿ ದಾಟತೈತಿ, ಈ ಎರಡರಾಗ 25 ವರ್ಷ ಅಂಥಾ ಬಿಸಿಲು ತಿಂದು ಬಾಳಿದ್ದು ಸಿಲಿಕಾನ್ ಮಾತ್ರ. ಹೊಸದು ಗಟ್ಟಿ ಆಗಿ ಬರ್ಲಿ, ಬರ್ಬೇಕು ಅಂತ ನನಗೂ ಭಾಳ ಆಸೆ ಐತಿ, ಆದ್ರ ನಿಮ್ಮ ಗಿಡಕ್ಕ ನೀರು ಈ ವರ್ಷ ಬೇಕು.

ಸಿಲಿಕಾನ್ ಪ್ಯಾನೆಲ್ಲೂ 25 ಡಿಗ್ರಿ ಮ್ಯಾಲ ಒಂದೊಂದು ಡಿಗ್ರಿ ಏರಿದಂಗ 0.3ರಿಂದ 0.4 ಪರ್ಸೆಂಟ್ ಪವರ್ ಕಳಕೋತೈತಿ. ಅದಕ್ಕ ಪ್ಯಾನೆಲ್ ಕೆಳಗ ಗಾಳಿ ಆಡೋ ಹಂಗ ಎತ್ತರಕ್ಕ ಕೂಡಸ್ರಿ, ಹಿಂದ ಮೇವಿನ ಬಣವಿ ಒಟ್ಟಬ್ಯಾಡ್ರಿ. ಧೂಳಿದ್ರ ಮುಂಜಾನೆ ತಂಪಿನ್ಯಾಗ ತೊಳಿರಿ, ಮಟಮಟ ಮಧ್ಯಾಹ್ನ ಕಾದ ಗಾಜಿನ ಮ್ಯಾಲ ಬಾವಿ ನೀರು ಸುರದ್ರ ಗಾಜು ಸೀಳೋದೈತಿ.

ಪ್ರಶ್ನೆ: ಎಐ ಕರೆಂಟು ಭಾಳ ತಿಂತೈತಿ ಅಂತ ಎಲ್ಲಾರೂ ಅಂತಾರ ಸರ್. ಒಂದು ಪ್ರಶ್ನೆಗೆ ಉತ್ತರ ಕೊಡಾಕ ಅಷ್ಟ್ಯಾಕ ಕರೆಂಟು ಬೇಕು? ಕಮ್ಮಿ ಮಾಡಾಕ ಯಾರರ ಏನರ ಮಾಡಾಕತ್ತಾರೇನು? – ಇಇಇ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಈ ಸಲದ ಪ್ರಶ್ನೆಗಳಾಗ ನನಗ ಭಾಳ ಖುಷಿ ಕೊಟ್ಟದ್ದು ಇದು, ಯಾಕಂದ್ರ ಇದರ ಉತ್ತರ ನಿಮ್ಮ ಮದಲನೇ ಸೆಮಿಸ್ಟರ್ ಪುಸ್ತಕದಾಗ ಐತಿ.

ಮದಲ ಅಳತಿ ನೋಡೂಣು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕದ ಪ್ರಕಾರ 2024ರಾಗ ಜಗತ್ತಿನ ಡೇಟಾ ಸೆಂಟರು (ಎಐ, ಇಂಟರ್ನೆಟ್ಟಿನ ಕೆಲಸ ಮಾಡೋ ಕಂಪ್ಯೂಟರ್ ಸಾಲು ಸಾಲು ಇಟ್ಟ ಕಟ್ಟಡ) ಎಲ್ಲಾ ಸೇರಿ ಸುಮಾರು 415 ಟೆರಾವ್ಯಾಟ್ ಅವರ್, ಅಂದ್ರ 41,500 ಕೋಟಿ ಯುನಿಟ್ ಬಳಸ್ಯಾವು, ಜಗತ್ತಿನ ಒಟ್ಟು ಕರೆಂಟಿನ್ಯಾಗ 1.5 ಪರ್ಸೆಂಟ್. ನಮ್ಮ ವಿಜಯಪುರ ಜಿಲ್ಲೆಯ ಕೂಡಗಿ ಕರೆಂಟ್ ಪ್ಲಾಂಟು 2400 ಮೆಗಾವ್ಯಾಟಿಂದು, ಅದು ವರ್ಷಪೂರ್ತಿ ಒಂದ ತಾಸೂ ನಿಲ್ಲದ ಫುಲ್ ಲೋಡಿನ್ಯಾಗ ಓಡಿದ್ರ 2,100 ಕೋಟಿ ಯುನಿಟ್ ಬರ್ತೈತಿ, ಅಂದ್ರ ಹತ್ತತ್ರ 20 ಕೂಡಗಿ ಬೇಕು. ಅದೆಲ್ಲಾ ಎಐದ್ದ ಅಲ್ಲ, ಬ್ಯಾಂಕು, ವಿಡಿಯೋ, ಮೇಲ್ ಎಲ್ಲಾ ಸೇರಿ, ಆದ್ರ ಬೆಳಿಯಾಕತ್ತಿದ್ದರಾಗ ಎಐ ಪಾಲು ದೊಡ್ಡದು. ಎನ್ವಿಡಿಯಾದ ಎಚ್100 ಅನ್ನೋ ಒಂದ ಚಿಪ್ಪು 700 ವ್ಯಾಟ್ ತನಕ ಎಳಿತೈತಿ, ಮನಿ ಮಿಕ್ಸರಿನಷ್ಟು, ಆದ್ರ ಮಿಕ್ಸರ್ ನಾವು ಚಟ್ನಿ ಅರೆಯೋ ತನಕ ಓಡಸ್ತೀವಿ, ಅದು ಹಗಲೂ ರಾತ್ರಿ ಓಡ್ತೈತಿ.

ಇಷ್ಟು ಕರೆಂಟು ಎಲ್ಲಿ ಹೋಗ್ತೈತಿ ಅಂದ್ರ, ಲೆಕ್ಕ ಮಾಡಾಕ ಹೋಗೋದು ಕಮ್ಮಿ, ಸಂಖ್ಯಾ ಅಲ್ಲಿಂದಿಲ್ಲಿ ಹೊತ್ತು ತರಾಕ ಹೋಗೋದು ಜಾಸ್ತಿ. ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೊವಿಟ್ಜ್ 2014ರಾಗ ಒಂದು ಲೆಕ್ಕ ಮುಂದಿಟ್ರು, 45 ನ್ಯಾನೋಮೀಟರ್ ಕಾಲದ ಚಿಪ್ಪಿಂದು. ಎರಡು 32 ಬಿಟ್ಟಿನ ದಶಾಂಶ ಸಂಖ್ಯಾ ಗುಣಸಾಕ 3.7 ಪಿಕೋಜೌಲ್ (ಒಂದು ಜೌಲ್ ಶಕ್ತಿಯ ಲಕ್ಷ ಕೋಟಿ ಪಾಲಿನ್ಯಾಗ ಒಂದು ಪಾಲು ಒಂದು ಪಿಕೋಜೌಲ್), ಅಂಥಾ ಒಂದು ಸಂಖ್ಯಾ ಹೊರಗಿನ ಡಿರ‍್ಯಾಮ್ ಮೆಮೊರಿಯಿಂದ ತರಾಕ 640 ಪಿಕೋಜೌಲ್. 170 ಪಟ್ಟು! ನಮ್ಮ ಹಳ್ಳಿಗಳಾಗ ಹಿಂದ ಜ್ವಾಳ ಹಗೇವಿನ್ಯಾಗ ಇಡ್ತಿದ್ರು. ರೊಟ್ಟಿ ಬಡಿಯೋ ಅವ್ವ ಒಂದೊಂದು ರೊಟ್ಟಿಗೂ ಎದ್ದು ಹೋಗಿ, ಹಗೇವಿಗೆ ಇಳದು, ಒಂದ ಹಿಡಿ ಜ್ವಾಳ ತಂದು, ಬೀಸಿ, ಬಡದು, ಬೇಯಿಸಿ, ಮತ್ತ ಹಗೇವಿಗೆ ಹೋದ್ರ ಹೆಂಗ? ಎಐ ಮಾಡೆಲ್ಲಿನ್ಯಾಗ ಇಂಥಾ ಸಂಖ್ಯಾ ಕೋಟಿಗಟ್ಟಲೆ, ಒಂದೊಂದು ಶಬ್ದ ಹೊರಗ ಬರುವಾಗೂ ಅವನ್ನ ಮತ್ತ ಮತ್ತ ತರಬೇಕು. ಮೆಮೊರಿ ಒಂದ್ಕಡೆ ಲೆಕ್ಕ ಒಂದ್ಕಡೆ ಅನ್ನೋ ಈ ಕಟ್ಟಡ 1945ರಿಂದ ಬಂದದ್ದು, ಗಣಿತಜ್ಞ ವಾನ್ ನಾಯ್ಮನ್ ಹೆಸರಿಲೆ ಕರಿತಾರ.

ಈಗಿನ ಸಂಶೋಧನೆ ಕೇಳೋದು, ಹಗೇವಿನ್ಯಾಗ ಒಲಿ ಹೂಡಿದ್ರ ಆಗೂದಿಲ್ಲೇನು ಅಂತ. ಅಡ್ಡ ತಂತಿ, ಉದ್ದ ತಂತಿ ಹಾಕಿ ಒಂದು ಜಾಳಗಿ ಮಾಡ್ರಿ, ಕೂಡೋ ಒಂದೊಂದು ಜಾಗಕ್ಕ ಒಂದೊಂದು ರೆಸಿಸ್ಟರ್ ಇಡ್ರಿ. ಮದಲನೇ ಅಡ್ಡ ತಂತಿಗೆ 2 ವೋಲ್ಟ್ ಕೊಟ್ರಿ, ಅಲ್ಲಿನ ಕಂಡಕ್ಟನ್ಸ್, ಅಂದ್ರ ಕರೆಂಟು ಎಷ್ಟು ಸಲೀಸ ಹರಿಯಾಕ ಬಿಡ್ತೈತಿ ಅನ್ನೋ ಅಳತಿ, 4 ಅಂತ ತಿಳ್ಕೋರಿ, ಓಮ್ ನಿಯಮದಿಂದ ಕರೆಂಟು 8. ಎರಡನೇ ತಂತಿಗೆ 3 ವೋಲ್ಟ್, ಕಂಡಕ್ಟನ್ಸ್ 5, ಕರೆಂಟು 15. ಎರಡೂ ಒಂದ ಉದ್ದ ತಂತಿಗೆ ಇಳದ್ರ ಕಿರ್ಚಾಫ್ ನಿಯಮದಿಂದ ಕೆಳಗ 23 ಸಿಗ್ತೈತಿ. ಗುಣಾಕಾರನೂ ಆತು, ಕೂಡಿಸೋದೂ ಆತು, ಯಾವ ಸಂಖ್ಯಾನೂ ಎಲ್ಲಿಗೂ ಹೊತ್ತು ತರಲಿಲ್ಲ, ಯಾಕಂದ್ರ 4 ಮತ್ತ 5 ಅಲ್ಲೇ ಕುಂತಾವು. ಎಐ ಮಾಡೋ ಕೆಲಸದಾಗ ಬಹುಪಾಲು ಈ ಮ್ಯಾಟ್ರಿಕ್ಸ್ ಗುಣಾಕಾರನ. ನೀವು ಪರೀಕ್ಷಾಕ್ಕ ಬಾಯಿಪಾಠ ಮಾಡಿದ ಎರಡು ನಿಯಮ ಇಷ್ಟು ದೊಡ್ಡ ಕೆಲಸಕ್ಕ ಬರ್ತಾವು ಅನ್ನೋದು ನನಗ ಇವತ್ತಿಗೂ ಮೈ ಜುಂ ಅನಸ್ತೈತಿ.

ಬೇಕಾದ ಬೆಲೆಗೆ ತಿರುವಿ ಇಡಬಹುದಾದ, ಕರೆಂಟು ತಗದ್ರೂ ಬೆಲೆ ಮರೀದ ರೆಸಿಸ್ಟರಿಗೆ ಮೆಮ್ರಿಸ್ಟರ್ ಅಂತಾರ. ಲಿಯಾನ್ ಚುವಾ 1971ರಾಗ ಇಂಥದ್ದು ಇರಬೇಕು ಅಂತ ಗಣಿತದಿಂದ ಹೇಳಿದ್ರು, 2008ರಾಗ ಎಚ್‌ಪಿ ಲ್ಯಾಬಿನವರು ಮಾಡಿ ತೋರಿಸಿದ್ರು. ಕಷ್ಟ ಏನಂದ್ರ ಭಾಳಷ್ಟು ಮೆಮ್ರಿಸ್ಟರಿನ್ಯಾಗ ಬೆಲೆಯ ಕೆಲವ ಮೆಟ್ಟಲು ಮಾತ್ರ ಸಿಗ್ತಾವು. 2024ರ ಸೆಪ್ಟೆಂಬರಿನ್ಯಾಗ ನಮ್ಮ ಬೆಂಗಳೂರಿನ ಐಐಎಸ್‌ಸಿಯ ಶ್ರೀತೋಷ್ ಗೋಸ್ವಾಮಿ ಅವರ ತಂಡ ನೇಚರ್ ಪತ್ರಿಕೆಯೊಳಗ ಒಂದು ಆಣ್ವಿಕ ಪದರದ ಬಗ್ಗೆ ಬರೀತು, ಅದರಾಗ 16,500 ಮೆಟ್ಟಲು ಸಿಕ್ಕಾವು, 14 ಬಿಟ್ಟಿನ ನಿಖರತೆ. ನಮ್ಮ ರಾಜ್ಯದ ಕೆಲಸ ಇದು, ಹೆಮ್ಮೆಯಿಂದ ಹೇಳ್ಕೊಳ್ಳೋ ಅಂಥದ್ದು. ಇನ್ನೂ ಅಂಗಡಿಗೆ ಬರಾಕ ದಾರಿ ಐತಿ, ಕೆಳಗ ಬಂದ ಆ 23 ಅನ್ನೋ ಕರೆಂಟನ್ನ ಡಿಜಿಟಲ್ ಮಾಡೋ ಕನ್ವರ್ಟರು ಉಳಸಿದ ಕರೆಂಟಿನ್ಯಾಗ ದೊಡ್ಡ ಪಾಲು ತಾನ ತಿಂತೈತಿ. ಅನಲಾಗ್ ಸರ್ಕ್ಯೂಟ್ ಕಲಿಯೋರು ಕಮ್ಮಿ ಆಗ್ಯಾರ, ಎಲ್ಲಾರೂ ಕೋಡಿಂಗಿಗೆ ಓಡ್ತಾರ. ನೀವು ಓಡಬ್ಯಾಡ್ರಿ, ಈ ಕನ್ವರ್ಟರಿನ ಕೆಲಸಕ್ಕ ಮಂದಿ ಬೇಕಾಗ್ಯಾರ.

ಪ್ರಶ್ನೆ: ಕ್ವಾಂಟಮ್ ಕಂಪ್ಯೂಟರ್ ಬಂದ್ರ ಬ್ಯಾಂಕಿನ ಲಾಕ್ ಎಲ್ಲಾ ಒಡಿತಾವು ಅಂತಾರ, ನನ್ನ ಎಫ್‌ಡಿ ಗತಿ ಏನು? – ನಿವೃತ್ತ ಶಿಕ್ಷಕಿ, ಬೆಳಗಾವಿ

ಉತ್ತರ: ನಿಮ್ಮ ಎಫ್‌ಡಿಗೆ ಏನೂ ಆಗೂದಿಲ್ರಿ ಬಾಯಾರ. ಗೂಗಲ್ 2024ರ ಡಿಸೆಂಬರಿನ್ಯಾಗ ತೋರಿಸಿದ ವಿಲೋ ಅನ್ನೋ ಕ್ವಾಂಟಮ್ ಚಿಪ್ಪಿನ್ಯಾಗ ಇರೋದು 105 ಕ್ಯೂಬಿಟ್, ಅಂದ್ರ ಕ್ವಾಂಟಮ್ ಲೆಕ್ಕದ ಮೂಲ ತುಣುಕು. ಅದರ ದೊಡ್ಡ ಸಾಧನೆ ಅಂದ್ರ ಕ್ಯೂಬಿಟ್ ಗುಂಪು ದೊಡ್ಡದಾದಂಗ ತಪ್ಪು ಹೆಚ್ಚಾಗೋ ಬದಲಿ ಅರ್ಧಕ್ಕರ್ಧ ಕಮ್ಮಿ ಆಗ್ತಾ ಹೋದದ್ದು. ಇವತ್ತಿನ ಬೀಗ ಒಡಿಯಾಕ 2 ಕೋಟಿ ಕ್ಯೂಬಿಟ್ ಬೇಕು ಅಂತ 2019ರಾಗ ಲೆಕ್ಕ ಹಾಕಿದ್ರು, 2025ರ ಲೆಕ್ಕದಾಗ ಅದು 10 ಲಕ್ಷದ ಒಳಗ ಇಳದೈತಿ, ಆದ್ರೂ 105 ಎಲ್ಲಿ, 10 ಲಕ್ಷ ಎಲ್ಲಿ. ಇಲ್ಲೂ ಬಿಸಿನ ವೈರಿ ನೋಡ್ರಿ, ಆ ಚಿಪ್ಪನ್ನ ಮೈನಸ್ 273 ಡಿಗ್ರಿ ಹತ್ರ ತಂಪ ಇಡಬೇಕು, ಚೂರು ಬಿಸಿ ಆದ್ರ ಲೆಕ್ಕ ಕೆಡ್ತೈತಿ. ಹೊಸಾ ಬೀಗಾನೂ ತಯಾರದಾವು, ಅಮೆರಿಕಾದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟಿನ್ಯಾಗ ಮೂರು ಮಾನದಂಡ ಹೊರಡಿಸೇತಿ, ಬ್ರೌಸರು, ಮೆಸೇಜ್ ಆ್ಯಪುಗಳಾಗ ಬರಾಕತ್ತಾವು. ನೀವು ಮಾತ್ರ ಫೋನಿನ್ಯಾಗ ಯಾರು ಕೇಳಿದ್ರೂ ಓಟಿಪಿ ಹೇಳಬ್ಯಾಡ್ರಿ, ಕಳ್ಳರು ಆ ದಾರಿಲೇ ಬರ್ತಾರ.

ಪ್ರಶ್ನೆ: ನಮ್ಮ ಗುಡ್ಡದ ಮ್ಯಾಲ ಗಾಳಿಯಂತ್ರ ಸಾಲಕ್ಕ ನಿಂತಾವು. ಒಮ್ಮೊಮ್ಮೆ ಗಾಳಿ ಬೀಸ್ತಿದ್ರೂ ಕೆಲವು ತಿರಗೂದಿಲ್ಲ. ಇತ್ತ ಕರೆಂಟಿಲ್ಲ ಅಂತಾರ, ಅತ್ತ ಗಾಳಿ ದಂಡ. ಯಾಕ್ರಿ? – ಓದುಗರು, ಸವದತ್ತಿ

ಉತ್ತರ: ರಿಪೇರಿಗೆ ನಿಲ್ಲಿಸಿರಬಹುದು, ಒಮ್ಮೊಮ್ಮೆ ಲೈನು ತುಂಬಿ ಗ್ರಿಡ್ಡಿನವರ ಇಳಸ್ರಿ ಅಂದಿರ್ತಾರ. ಹಿಂದ ಇನ್ನೂ ಒಂದು ಕಾರಣ ಐತಿ. ನಮ್ಮ ಗ್ರಿಡ್ಡಿನ ಎಸಿ ಕರೆಂಟಿನ ತಾಳ ಸೆಕೆಂಡಿಗೆ 50 ಸಲ, ಅಂದ್ರ 50 ಹರ್ಟ್ಜ್ ಹತ್ರನ ಇರಬೇಕು, 49.90ರಿಂದ 50.05ರ ನಡುವ. ಕೂಡಗಿಯಂಥಾ ಪ್ಲಾಂಟಿನ ಟರ್ಬೈನು ನಿಮಿಷಕ್ಕ 3000 ಸುತ್ತು ತಿರಗ್ತಿರ್ತೈತಿ, ಟನ್‌ಗಟ್ಟಲೆ ಉಕ್ಕು. ತೇರು ಎಳಿಯುವಾಗ ನೋಡೀರಲ್ಲ, ನಾಕ ಮಂದಿ ಹಗ್ಗ ಬಿಟ್ರೂ ತೇರು ಪಟ್ಟನ ನಿಲ್ಲೂದಿಲ್ಲ, ಆ ಭಾರಾನ ಮುಂದ ಎಳಕೊಂಡು ಹೋಗ್ತೈತಿ. ಎಲ್ಲೋ ಒಂದು ಲೈನು ಟ್ರಿಪ್ಪಾದ್ರ ಈ ಭಾರ ಕೆಲವ ಸೆಕೆಂಡು ಗ್ರಿಡ್ ಹಿಡಕೊಂಡು ಉಳಿದವರಿಗೆ ಸುಧಾರಿಸ್ಕೊಳ್ಳಾಕ ಹೊತ್ತು ಕೊಡ್ತೈತಿ. ಸೋಲಾರಿಗೆ, ಹೊಸಾ ಗಾಳಿಯಂತ್ರಕ್ಕ ನಡುವ ಇನ್ವರ್ಟರ್ ಇರ್ತೈತಿ, ಗ್ರಿಡ್ ಹೆಂಗ ಹೋಗ್ತೈತೋ ಅದರ ಬೆನ್ನ ಹಿಂದ ಹೋಗೋದಷ್ಟ ಅದಕ್ಕ ಗೊತ್ತು. ಎಲ್ಲಾರೂ ಬೆನ್ನ ಹಿಂದ ಹೋಗೋರ ಆದ್ರ ಮುಂದ ಯಾರು? ಅದಕ್ಕ ಇಂಥವು ಗ್ರಿಡ್ಡಿನ್ಯಾಗ ಭಾಳ ಆದಾಗ ಕೆಲವನ್ನ ನಿಲ್ಲಿಸಬೇಕಾಗಬಹುದು.

ಅದಕ್ಕ ಈಗ ಗ್ರಿಡ್ ಫಾರ್ಮಿಂಗ್ ಇನ್ವರ್ಟರ್ ಮ್ಯಾಲ ಭಾಳ ಕೆಲಸ ನಡದೈತಿ, ಅದು ತಾನ ತಾಳ ಹಿಡಿತೈತಿ, ಬ್ಯಾಟರಿಯಿಂದ ಕ್ಷಣದಾಗ ಕರೆಂಟು ಬಿಟ್ಟು ತೇರಿನ ಭಾರ ಇದ್ದಂಗ ನಡಕೋತೈತಿ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್ ಬ್ಯಾಟರಿ 2022ರಿಂದ ದೊಡ್ಡ ಗ್ರಿಡ್ಡಿಗೆ ಈ ಸೇವೆ ಕೊಡಾಕತ್ತೈತಿ. ನಮ್ಮ ಕಡೆ ಗುಡ್ಡಕ್ಕೂ ಇಂಥಾ ಇನ್ವರ್ಟರು, ಜೋಡಿಗೆ ಬ್ಯಾಟರಿ ಬಂದಾಗ ಗಾಳಿ ದಂಡ ಹೋಗೋದು ಕಮ್ಮಿ ಆಗ್ತೈತಿ.

ಪ್ರಶ್ನೆ: ಡಿಪ್ಲೊಮಾ ಕಡೇ ವರ್ಷ. ಪ್ರಾಜೆಕ್ಟ್ ರೆಡಿಮೇಡ್ ಮಾರ್ತಾರ, ಆದ್ರ ನನಗ ಖುದ್ದು ಮಾಡೋ ಆಸೆ ಐತಿ. ರೊಕ್ಕ ಜಾಸ್ತಿ ಇಲ್ಲ. ಏನ್ ಮಾಡ್ಲಿ? – ವಿದ್ಯಾರ್ಥಿ, ಜಮಖಂಡಿ

ಉತ್ತರ: ನಿಮ್ಮ ಊರ ಸುತ್ತ ಕಬ್ಬಿನ ಹೊಲದಾಗ ಪಂಪ್‌ಸೆಟ್‌ಗೇನು ಬರ ಇಲ್ಲ, ಅಲ್ಲೇ ಹೋಗ್ರಿ. ವೋಲ್ಟೇಜ್ ಇಳದಾಗ ಮೋಟಾರು ಅಷ್ಟ ನೀರು ಎತ್ತಾಕ ಜಾಸ್ತಿ ಆಂಪಿಯರ್ ಎಳಿತೈತಿ, ತಾಮ್ರದ ತಂತಿಯೊಳಗಿನ ಬಿಸಿ ಆಂಪಿಯರಿನ ವರ್ಗದಂಗ ಏರ್ತೈತಿ, ಮತ್ತ 10 ಡಿಗ್ರಿ ಜಾಸ್ತಿ ಆದ್ರ ಇನ್ಸುಲೇಶನ್ ಆಯುಷ್ಯ ಅರ್ಧ ಅನ್ನೋದು ವೈಂಡಿಂಗ್ ಮಾಡೋರಿಗೆಲ್ಲಾ ಗೊತ್ತಿದ್ದ ಲೆಕ್ಕ. ಬಾವಿ ಬತ್ತಿ ಮೋಟಾರು ಒಣಾ ತಿರುಗಿದ್ರ ಉಲ್ಟಾ, ಆಂಪಿಯರ್ ಇಳಿತೈತಿ, ಆದ್ರ ತಂಪ ಮಾಡೋ ನೀರ ಇರೂದಿಲ್ಲ, ಸೀಲು ಬೇರಿಂಗು ಸುಡ್ತಾವು.

ಒಂದು ಇಎಸ್‌ಪಿ32 ಬೋರ್ಡು (ಪ್ರೋಗ್ರಾಂ ಹಾಕಬಹುದಾದ ಸಣ್ಣ ಕಂಪ್ಯೂಟರ್ ಚಿಪ್ಪಿನ ಬೋರ್ಡು), ಮೂರು ಫೇಸಿಗೆ ಮೂರು ಕ್ಲ್ಯಾಂಪ್ ಮಾದರಿ ಕರೆಂಟ್ ಸೆನ್ಸರು, ಮೋಟಾರ್ ಮೈಗೆ ಅಥವಾ ಸಬ್‌ಮರ್ಸಿಬಲ್ ಆದ್ರ ಸ್ಟಾರ್ಟರ್ ಡಬ್ಬಿ ಒಳಗ ಒಂದು ಟೆಂಪರೇಚರ್ ಸೆನ್ಸರು ತಗೋರಿ. ಹದಿನೈದ ದಿನ ಬರೇ ಡೇಟಾ ಬರಕೋರಿ, ಸರಿ ಓಡುವಾಗ ಹೆಂಗ, ಒಣಾ ಓಡುವಾಗ ಹೆಂಗ, ಒಂದು ಫೇಸ್ ಹೋದಾಗ ಹೆಂಗ ಅಂತ. ಆಮ್ಯಾಲ ಸಣ್ಣ ನ್ಯೂರಲ್ ನೆಟ್‌ವರ್ಕ್ ಒಂದಕ್ಕ ಅದನ್ನ ಕಲಸಿ ಆ ಬೋರ್ಡಿನ್ಯಾಗ ಕೂಡಸ್ರಿ, ಇದಕ್ಕ ಟೈನಿ ಎಂಎಲ್ ಅಂತಾರ, ಬೋರ್ಡಿನ 520 ಕಿಲೋಬೈಟ್ ಮೆಮೊರಿಯೊಳಗ ಆರಾಮ ಹಿಡಿತೈತಿ, ನೆಟ್‌ವರ್ಕ್ ಬೇಕಿಲ್ಲ, ಡೇಟಾ ಸೆಂಟರ್ ಬೇಕಿಲ್ಲ. ಎಲ್ಲಾರೂ ಮಾಡೋ ತಪ್ಪು ಅಂದ್ರ ಡೇಟಾ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳೋದು, ನಿಮ್ಮ ಊರಿನ ಮೋಟಾರಿನ ಸ್ವಭಾವ ಅದರಾಗ ಇರೂದಿಲ್ಲ.

ಸೆನ್ಸರ್ ಹಾಕುವಾಗ ಫ್ಯೂಜ್ ತಗದು ಕಿಸೆದಾಗ ಇಟ್ಕೊಂಡು, ಟೆಸ್ಟರ್ ಹಚ್ಚಿ ಮೂರೂ ಫೇಸ್ ನೋಡಿ, ಆಮ್ಯಾಲ ಪೆಟ್ಟಿಗಿಗೆ ಕೈ ಹಾಕ್ರಿ, ಜೋಡಿ ಒಬ್ಬರು ಇರಲೇಬೇಕು. ಪೆಟ್ಟಿಗಿ ತಗದ ಮ್ಯಾಲ ಮದಲ ಟರ್ಮಿನಲ್ ಸ್ಕ್ರೂ ನೋಡ್ರಿ. ಸುತ್ತಲಿನ ಇನ್ಸುಲೇಶನ್ ಕಂದಾಗಿದ್ರ ಅಲ್ಲಿ ಸ್ಕ್ರೂ ಸಡ್ಲ ಆಗೇತಿ ಅಂತ ಅರ್ಥ, ಅದನ್ನ ಬಿಗಿ ಮಾಡಿ, ಮಾಡೂಕಿಂತ ಮದಲ ಎಷ್ಟು ಡಿಗ್ರಿ ಇತ್ತು, ಆಮ್ಯಾಲ ಎಷ್ಟಾತು ಬರಕೋರಿ. ನಿಮ್ಮ ರಿಪೋರ್ಟಿನ ಮದಲನೇ ಪುಟಕ್ಕ ಅದನ್ನ ಹಾಕ್ರಿ, ಮತ್ತ ನನಗೊಂದು ಪ್ರತಿ ಕಳಸ್ರಿ.